ಮಿರಗದ ಮಳೆಯಿಂದ ಎಳ್ಳ ಅಮಾವಾಸ್ಯೆಯವರೆಗೆ: ನಮ್ಮ ಭಾಗದ ಮನೆತೋಟದಲ್ಲಿ ಯಾವಾಗ ಏನು ಬಿತ್ತಬೇಕು?

ನರ್ಸರಿಯವರು, ಕಲಬುರಗಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಶರಣು. ರೋಹಿಣಿ ಮಳೆಯ ದಿನಗಳು ಶುರುವಾಗುತ್ತಿದ್ದಂತೆ ನಮ್ಮ ನರ್ಸರಿಗೆ ಬರುವವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ಈಗ ಏನು ಹಚ್ಚಬೇಕು? ಕೆಲವರ ಕೈಯಲ್ಲಿ ಬೀಜದ ಪೊಟ್ಟಣವಿರುತ್ತದೆ, ಇನ್ನು ಕೆಲವರು ಬೆಂಗಳೂರಿನ ಕೈತೋಟದ ವಿಡಿಯೊ ನೋಡಿಕೊಂಡು ಬಂದಿರುತ್ತಾರೆ. ಅವುಗಳಲ್ಲಿ ಹೇಳಿರುವ ತಿಂಗಳುಗಳು ಅಲ್ಲಿನ ಹವೆಗೆ ಸರಿಯಾಗಿಯೇ ಇರುತ್ತವೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕಲಬುರಗಿ ಅದರ ಅರ್ಧದಷ್ಟು ಎತ್ತರದಲ್ಲಿದೆ, ಯಾದಗಿರಿ ಇನ್ನೂ ಕೆಳಗಿದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಆ ಪಟ್ಟಿಯನ್ನು ಹಿಡಿದು ಏಪ್ರಿಲ್‌ನಲ್ಲಿ ಟೊಮೆಟೊ ಹಚ್ಚಿದರೆ ಗಿಡ ಬೆಳೆಯುತ್ತದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ನಿಲ್ಲುವುದಿಲ್ಲ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24–25 ಡಿಗ್ರಿಗಿಂತ ಕೆಳಗೆ ಇಳಿಯದಿದ್ದಾಗ ಟೊಮೆಟೊದ ಪರಾಗ ಕೆಡುವುದರಿಂದ ಹೂವು ಉದುರುತ್ತದೆ. ಅದಕ್ಕೆ ಗೊಬ್ಬರವಾಗಲಿ ಔಷಧವಾಗಲಿ ಪರಿಹಾರವಲ್ಲ.

ಆದ್ದರಿಂದ ನಮ್ಮ ಹಿರಿಯರು ಹೊಲಕ್ಕೆ ಬಳಸುತ್ತಿದ್ದ ಮಳೆ ನಕ್ಷತ್ರಗಳ ಲೆಕ್ಕವನ್ನೇ ಮನೆತೋಟಕ್ಕೂ ಬಳಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಜೂನ್ 7–8ರ ಸುಮಾರಿಗೆ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುತ್ತದೆ, ನಮ್ಮ ತೋಟದ ವರ್ಷ ಶುರುವಾಗುವುದು ಆಗ. ಮಿರಗದಿಂದ ಪುನರ್ವಸುವರೆಗೆ, ಅಂದರೆ ಜುಲೈ ಮಧ್ಯದವರೆಗೆ, ಬೆಂಡೆ, ಚವಳಿಕಾಯಿ, ಹೀರೆ, ಹಾಗಲ, ಅವರೆ, ಪುಂಡಿಪಲ್ಯ, ರಾಜಗಿರಿ ಇವೆಲ್ಲವನ್ನೂ ನೇರವಾಗಿ ಬಿತ್ತಬಹುದು. ಬದನೆ ಮತ್ತು ಮೆಣಸಿನಕಾಯಿಯ ಸಸಿ ಮಡಿಯನ್ನೂ ಆಗಲೇ ಮಾಡಿಕೊಳ್ಳಬೇಕು.

ಇಷ್ಟನ್ನು ಬಹಳಷ್ಟು ಜನ ಮಾಡುತ್ತಾರೆ. ನನಗೆ ಬೇಸರವೆನಿಸುವುದು ಎರಡನೆಯ ಬಿತ್ತನೆಯ ಬಗ್ಗೆ. ಜೂನ್‌ನಲ್ಲಿ ನರ್ಸರಿಗೆ ಕಾಲಿಡಲು ಜಾಗವಿರುವುದಿಲ್ಲ, ಸೆಪ್ಟೆಂಬರ್‌ನಲ್ಲಿ ಯಾರೂ ಬರುವುದಿಲ್ಲ. ಆದರೆ ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ಆ ಮಳೆಯ ತೇವ, ಅದರ ಹಿಂದೆಯೇ ಬರುವ ತಂಪು ರಾತ್ರಿ, ಮೋಡವಿಲ್ಲದ ಬಿಸಿಲು ಈ ಮೂರೂ ಒಟ್ಟಿಗೆ ಸಿಗುವುದು ಉತ್ತರಾ ಮತ್ತು ಹಸ್ತ ಮಳೆಗಳ ಕಾಲದಲ್ಲಿ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಎರಡನೆಯ ವಾರದವರೆಗೆ. ಜೋಳ, ಕಡಲೆ, ಕುಸುಬಿಯ ಹಿಂಗಾರಿ ಬಿತ್ತನೆಯನ್ನು ನಮ್ಮ ರೈತರು ಈ ದಿನಗಳಿಗೇ ಇಟ್ಟುಕೊಂಡಿರುವುದು ಅದಕ್ಕಾಗಿಯೇ. ಮನೆಯಲ್ಲಿ ಟೊಮೆಟೊ, ಹೂಕೋಸು, ಎಲೆಕೋಸು, ಗಜ್ಜರಿ, ಮೂಲಂಗಿ, ಬೀಟ್‌ರೂಟ್, ಮೆಂತ್ಯ, ಕೊತ್ತಂಬರಿ, ಪಾಲಕ್, ಸಬ್ಬಸಿಗೆಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ವರ್ಷದಲ್ಲಿ ಒಂದೇ ಸಲ ಬಿತ್ತಲು ಬಿಡುವಾಗುವುದಾದರೆ ಮಿರಗವನ್ನು ಬಿಡಿ, ಉತ್ತರಾ ಮಳೆಯನ್ನು ಬಿಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮಾರ್ಚ್‌ನಿಂದ ಮೇ ಕೊನೆಯವರೆಗಿನ ಮೂರು ತಿಂಗಳು ಇರುವ ಗಿಡವನ್ನು ಉಳಿಸಿಕೊಳ್ಳುವ ಕಾಲ. ಹೊಸದಾಗಿ ಹಚ್ಚುವ ಆಸೆ ಬೇಡ.

ನಿಮ್ಮ ಊರು, ಮಣ್ಣು ಮತ್ತು ನೀರಿನ ಮೂಲ ಯಾವುದೆಂದು ಬರೆದು ಕೇಳಿದರೆ ತಿಳಿದಷ್ಟು ಉತ್ತರಿಸುತ್ತೇನೆ. ಅನುಭವವಿರುವವರೂ ದಯವಿಟ್ಟು ಸೇರಿಕೊಳ್ಳಿ.

ಸೇಡಂ ಗೃಹಿಣಿ

ಅಣ್ಣನವರೇ, ನಮ್ಮ ಅಂಗಳದ ದಾಸವಾಳ ಮತ್ತು ನಿಂಬೆ ಗಿಡದ ಹೊಸ ಎಲೆಗಳು ಹಳದಿಯಾಗಿ ಬರುತ್ತಿವೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ತಿಪ್ಪೆಗೊಬ್ಬರ ಹಾಕಿದ್ದೇನೆ, ನೀರು ತಪ್ಪಿಸಿಲ್ಲ. ಕಪ್ಪು ಮಣ್ಣು, ಬೋರಿನ ನೀರು. ಹಳೆಯ ಎಲೆಗಳು ಚೆನ್ನಾಗಿಯೇ ಇವೆ. ಏನು ಕಾರಣವಿರಬಹುದು?

ನರ್ಸರಿಯವರು, ಕಲಬುರಗಿ

ಅಕ್ಕನವರೇ, ನೀವು ಲಕ್ಷಣವನ್ನು ಎಷ್ಟು ಸ್ಪಷ್ಟವಾಗಿ ಬರೆದಿದ್ದೀರೆಂದರೆ ಉತ್ತರ ಅದರಲ್ಲಿಯೇ ಇದೆ. ಹಳೆಯ ಎಲೆ ಹಸಿರಾಗಿದ್ದು ಹೊಸ ಎಲೆ ಮಾತ್ರ ಹಳದಿಯಾಗಿ, ನರಗಳು ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಸಾರಜನಕದ ಕೊರತೆಯಾಗಿದ್ದರೆ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತಿದ್ದವು, ಆಗ ಗೊಬ್ಬರ ಕೆಲಸ ಮಾಡುತ್ತಿತ್ತು.

ಸೇಡಂ, ಶಹಾಬಾದ, ಚಿತ್ತಾಪುರದ ಕಡೆ ನೆಲದ ಕೆಳಗೆಲ್ಲ ಸುಣ್ಣದ ಕಲ್ಲೇ ಇದೆ. ನಿಮ್ಮ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದಿರುವುದೂ, ಮನೆಗಳ ನೆಲಕ್ಕೆ ಫರಸಿ ಸಿಗುವುದೂ ಆ ಕಲ್ಲಿನಿಂದಲೇ. ಆ ಕಲ್ಲಿನ ಮೂಲಕ ಬರುವ ಬೋರಿನ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು, ಮಣ್ಣಿನಲ್ಲಿಯೂ ಹೆಚ್ಚು. ಇಂಥ ಕ್ಷಾರೀಯ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ನೀರಿನಲ್ಲಿ ಕರಗುವ ರೂಪದಲ್ಲಿ ಇರುವುದಿಲ್ಲವಾದ್ದರಿಂದ ಬೇರಿಗೆ ಅದು ಸಿಗುವುದಿಲ್ಲ. ಮನೆಯಲ್ಲಿಯೇ ನೋಡಬೇಕೆಂದರೆ ಒಂದು ಹಿಡಿ ಒಣ ಮಣ್ಣಿನ ಮೇಲೆ ನಿಂಬೆರಸ ಅಥವಾ ವಿನೆಗರ್ ಹನಿಸಿ. ಸಣ್ಣ ಗುಳ್ಳೆಗಳೆದ್ದು ಚುರುಗುಟ್ಟಿದರೆ ಸುಣ್ಣವಿದೆ ಎಂದರ್ಥ.

ತಕ್ಷಣದ ಪರಿಹಾರಕ್ಕೆ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ) ಒಂದು ಲೀಟರ್ ನೀರಿಗೆ 5 ಗ್ರಾಂ, ಅದರೊಂದಿಗೆ ಸಿಟ್ರಿಕ್ ಆಮ್ಲ 1 ಗ್ರಾಂ ಕರಗಿಸಿ, ಸಂಜೆಯ ಹೊತ್ತಿಗೆ ಎಲೆಗಳ ಎರಡೂ ಬದಿ ನೆನೆಯುವಂತೆ ಸಿಂಪಡಿಸಿ. ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಿ. ಅಂಗಡಿಯಲ್ಲಿ ಮೈಲುತುತ್ತವನ್ನು ಕೊಟ್ಟುಬಿಡದಂತೆ ಹೆಸರು ಹೇಳಿ ಖಚಿತಪಡಿಸಿಕೊಳ್ಳಿ. ಅದು ತಾಮ್ರದ ಲವಣ, ಬಣ್ಣ ಕಡು ನೀಲಿ, ಇದು ತಿಳಿ ಹಸಿರು. ಅನ್ನಭೇದಿಯ ನೀರು ಫರಸಿಯ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲವಾದ್ದರಿಂದ ಕುಂಡವಾಗಿದ್ದರೆ ಸರಿಸಿ ಸಿಂಪಡಿಸಬೇಕು. ಅನ್ನಭೇದಿಯನ್ನು ಸುಮ್ಮನೆ ಬುಡಕ್ಕೆ ಹಾಕಿದರೆ ಸುಣ್ಣದ ಮಣ್ಣಿನಲ್ಲಿ ಅದು ಬೇಗ ಕಟ್ಟಿಕೊಂಡು ನಿರುಪಯೋಗವಾಗುತ್ತದೆ. ಬುಡಕ್ಕೇ ಕೊಡಬೇಕೆಂದಿದ್ದರೆ ಇಡಿಡಿಎಚ್‌ಎ ರೂಪದ ಚಿಲೇಟೆಡ್ ಕಬ್ಬಿಣ ಕೇಳಿ, ಕ್ಷಾರೀಯ ಮಣ್ಣಿನಲ್ಲಿಯೂ ಕೆಲಸ ಮಾಡುವುದು ಅದು. ಬೆಲೆ ಹೆಚ್ಚು, ಆದರೆ ಚಿಟಿಕೆಯಷ್ಟು ಸಾಕಾಗುತ್ತದೆ.

ಶಾಶ್ವತ ಪರಿಹಾರ ಮಳೆನೀರು. ನೂರು ಚದರ ಮೀಟರಿನ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ಸೋರಿಕೆ, ಆವಿ ಎಲ್ಲ ಕಳೆದರೂ 800 ಲೀಟರ್ ಕೈಗೆ ಸಿಗುತ್ತದೆ. ಒಂದೆರಡು ಡ್ರಮ್‌ಗಳಲ್ಲಿ ಅದನ್ನು ಹಿಡಿದು ಮುಚ್ಚಿಟ್ಟು, ನಿಂಬೆ, ದಾಸವಾಳ, ಗುಲಾಬಿ ಈ ಮೂರಕ್ಕೆ ಮಾತ್ರ ಮೀಸಲಿಟ್ಟರೂ ಮುಂದಿನ ಎಲೆಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಆಳಂದದ ರೈತ

ಕಬ್ಬಿಣದ ವಿಷಯ ಒಪ್ಪುತ್ತೇನೆ. ಆದರೆ ಇತ್ತೀಚೆಗೆ ಎಲ್ಲರೂ ಕಪ್ಪು ಮಣ್ಣನ್ನೇ ದೂರುತ್ತಾರೆ, ಕೊಕೊಪೀಟ್ ಚೀಲ ಕೊಳ್ಳಲು ಹೇಳುತ್ತಾರೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ತೊಗರಿಯ ಬೇಳೆ ಈ ಮಣ್ಣಿನದೇ. ತಲೆಮಾರುಗಳಿಂದ ಅನ್ನ ಕೊಟ್ಟ ಎರೆಮಣ್ಣು ಒಂದು ಕುಂಡಕ್ಕೆ ಸಾಲದಾಯಿತೇ? ದೂರದ ಕರಾವಳಿಯಿಂದ ತೆಂಗಿನ ನಾರಿನ ಪುಡಿ ತರಿಸಿ ಗಿಡ ಬೆಳೆಸುವುದು ನನಗೆ ಸರಿಕಾಣುವುದಿಲ್ಲ.

ನರ್ಸರಿಯವರು, ಕಲಬುರಗಿ

ತಮ್ಮ ಮಾತಿನ ಹಿಂದಿನ ಕಾಳಜಿ ನನ್ನದೂ ಹೌದು, ಅಣ್ಣನವರೇ. ಮಣ್ಣನ್ನು ನಾನು ದೂರುವುದಿಲ್ಲ. ಹೊಲದಲ್ಲಿ ಎರೆಮಣ್ಣಿನ ಗುಣವಾಗಿರುವುದೇ ಕುಂಡದಲ್ಲಿ ತೊಂದರೆಯಾಗುತ್ತದೆ ಎಂಬುದಷ್ಟೇ ನನ್ನ ವಾದ. ಈ ಮಣ್ಣಿನ ಜೇಡಿ ನೀರು ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೊಲದಲ್ಲಿ ಬೇಸಿಗೆಯ ಬಿರುಕುಗಳು ಆಳಕ್ಕಿಳಿದು, ಮೊದಲ ಮಳೆಯ ನೀರನ್ನು ಕೆಳಗೆ ಇಳಿಸಿಕೊಳ್ಳುತ್ತವೆ, ಹಿಂಗಾರಿ ಬೆಳೆಗೆ ಅದೇ ಆಸರೆ. ಒಂದು ಅಡಿ ಆಳದ ಕುಂಡದಲ್ಲಿ ಅದೇ ಮಣ್ಣು ಒಣಗಿದಾಗ ಗೋಡೆಯಿಂದ ಬಿಟ್ಟುಕೊಂಡು ನಿಲ್ಲುತ್ತದೆ. ನೀವು ಹಾಕಿದ ನೀರು ಆ ಸಂದಿಯಿಂದ ಇಳಿದು ತಳದ ತೂತಿನಿಂದ ಹೊರಗೆ ಬರುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಮಳೆಗಾಲದಲ್ಲಿ ತದ್ವಿರುದ್ಧ: ನೀರು ಇಳಿಯುವುದೇ ಇಲ್ಲ, ಬೇರು ಗಾಳಿಯಿಲ್ಲದೆ ಕೊಳೆಯುತ್ತದೆ.

ಹಾಗಾಗಿ ಎರೆಮಣ್ಣನ್ನು ಕೈಬಿಡಬೇಕಾಗಿಲ್ಲ, ಅದರ ಪ್ರಮಾಣವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿದರೆ ಸಾಕು. ಇನ್ನೊಂದು ಭಾಗ ಗರಸು ಅಥವಾ ಬೀದರ್ ಕಡೆಯ ಕೆಂಪು ಮಣ್ಣು, ಮತ್ತೊಂದು ಭಾಗ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ, ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಕೊಕೊಪೀಟ್ ಇಲ್ಲದೆಯೂ ಇದು ನಡೆಯುತ್ತದೆ. ಮಾಳಿಗೆಯ ಮೇಲೆ ತೂಕ ಕಡಿಮೆ ಮಾಡಬೇಕಾದವರಿಗೆ ಮಾತ್ರ ನಾನು ಕೊಕೊಪೀಟ್ ಹೇಳುತ್ತೇನೆ. ಆದರೆ ಒಂದು ಎಚ್ಚರಿಕೆ: ಕಟ್ಟಡದ ಕೆಲಸದಲ್ಲಿ ಉಳಿದ ಕಲ್ಲುಪುಡಿಯನ್ನು ಮರಳಿನ ಬದಲು ಬೆರೆಸಬೇಡಿ. ನಮ್ಮ ಸುತ್ತಮುತ್ತಲ ಕಲ್ಲುಪುಡಿಯಲ್ಲಿ ಸುಣ್ಣದ ಕಲ್ಲಿನದೇ ಪಾಲು ಹೆಚ್ಚಿರಬಹುದು. ಆಗ ಸೇಡಂ ಅಕ್ಕನವರ ದಾಸವಾಳಕ್ಕೆ ಬಂದ ತೊಂದರೆಯನ್ನು ನಾವೇ ಕೊಂಡು ತಂದಂತಾಗುತ್ತದೆ.

ತಮ್ಮಂಥವರಿಂದ ಮನೆತೋಟದವರಿಗೆ ಆಗಬೇಕಾದ ಒಂದು ಉಪಕಾರವಿದೆ. ತೊಗರಿ ರಾಶಿ ಮುಗಿದ ಮೇಲೆ ಉಳಿಯುವ ಹೊಟ್ಟು ಮತ್ತು ಕಟ್ಟಿಗೆ ಊರಿನ ಮನೆಗಳಿಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಹೊದಿಕೆ ಮತ್ತು ಆಸರೆ ಬೇರೆ ಬೇಡ.

ಆಳಂದದ ರೈತ

ಮೂರನೆಯ ಒಂದು ಭಾಗವೆಂಬುದನ್ನು ಒಪ್ಪಬಹುದು. ಹೊಟ್ಟು ದನಗಳಿಗೂ ಬೇಕಾಗುತ್ತದೆ, ಆದರೂ ಒಂದೆರಡು ಚೀಲ ಕೇಳಿದರೆ ಇಲ್ಲವೆನ್ನುವ ರೈತರು ಕಡಿಮೆ. ತೊಗರಿ ಕಟ್ಟಿಗೆಯನ್ನು ಬೇಸಿಗೆಯಲ್ಲಿಯೇ ಕೇಳಿ ಇಟ್ಟುಕೊಳ್ಳಿ, ಆಮೇಲೆ ಒಲೆಗೆ ಹೋಗಿಬಿಡುತ್ತದೆ. ಹೀರೆ, ಹಾಗಲ ಹಬ್ಬಿಸಲು ಅದು ಒಂದು ಹಂಗಾಮು ಚೆನ್ನಾಗಿ ತಾಳುತ್ತದೆ. ನೆಲಕ್ಕೆ ತಾಗುವ ತುದಿಗೆ ಗೆದ್ದಲು ಹತ್ತುವುದರಿಂದ ಬೇವಿನ ಎಣ್ಣೆ ಸವರಿ ಊರಬೇಕು.

ನೆಟೆ ರೋಗ ಬಂದ ಹೊಲದ ಹೊಟ್ಟು ತಂದರೆ ತರಕಾರಿಗೂ ರೋಗ ಬರುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಆ ಶಿಲೀಂಧ್ರ ತೊಗರಿಗೆ ಹತ್ತುವಂಥದ್ದು, ಟೊಮೆಟೊ, ಬದನೆಗೆ ಹತ್ತುವುದಿಲ್ಲ. ಮನೆಯಲ್ಲಿ ತೊಗರಿ ಗಿಡ ಹಚ್ಚುವವರು ಮಾತ್ರ ಅಂಥ ಹೊಟ್ಟು ಬಳಸಬಾರದು.

ಬೀದರ್ ಮಾಳಿಗೆ ತೋಟ

ನಮ್ಮ ಬೀದರ್‌ನ ಕತೆ ಬೇರೆಯೇ ಇರುವುದರಿಂದ ಬರೆಯುತ್ತಿದ್ದೇನೆ. ಊರು ಸುಮಾರು 700 ಮೀಟರ್ ಎತ್ತರದ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಕೆಂಪು ಮಣ್ಣಿಗೆ ಹಾಕಿದ ನೀರು ನೋಡನೋಡುತ್ತಲೇ ಇಳಿದು ಹೋಗುತ್ತದೆ. ಈ ಕಲ್ಲಿನ ಗುಣ ತಿಳಿದಿದ್ದರಿಂದಲೇ ಬಹಮನಿ ಕಾಲದವರು ನೌಬಾದಿನ ಕರೇಜ್ ತೋಡಿ, ಕಲ್ಲಿನ ಸೀಳುಗಳಿಂದ ಜಿನುಗುವ ನೀರನ್ನು ಸುರಂಗದಲ್ಲಿ ಹರಿಸಿಕೊಂಡರು. ಕಲಬುರಗಿಯವರಿಗೆ ನೀರು ನಿಲ್ಲುವ ಚಿಂತೆಯಾದರೆ ನಮಗೆ ನೀರು ಮತ್ತು ಗೊಬ್ಬರ ಎರಡೂ ತೊಳೆದುಹೋಗುವ ಚಿಂತೆ.

ಆದ್ದರಿಂದ ನಮ್ಮಲ್ಲಿ ಮಿಶ್ರಣ ತಿರುಗಬೇಕು: ಕೆಂಪು ಮಣ್ಣಿಗೆ ಒಂದಿಷ್ಟು ಎರೆಮಣ್ಣನ್ನು ಬೆರೆಸಿ, ಗೊಬ್ಬರದ ಪಾಲನ್ನು ಅರ್ಧದ ಹತ್ತಿರ ತರಬೇಕು. ಗೊಬ್ಬರವನ್ನು ಒಂದೇ ಸಲ ಹಾಕುವ ಬದಲು ಪ್ರತಿ ಮೂರು ವಾರಕ್ಕೊಮ್ಮೆ ಹಿಡಿಯಷ್ಟು ಕೊಟ್ಟರೆ ಮಳೆಗೆ ತೊಳೆದುಹೋಗುವುದು ಕಡಿಮೆಯಾಗುತ್ತದೆ.

ಚಳಿಗಾಲದಲ್ಲಿ ಮಾತ್ರ ನಮ್ಮ ಊರು ಅದೃಷ್ಟವಂತ. ಡಿಸೆಂಬರ್ ರಾತ್ರಿಗಳ ಚಳಿಗೆ ಹೂಕೋಸು, ಬಟಾಣಿ, ಗಜ್ಜರಿ ಕಲಬುರಗಿಗಿಂತ ಚೆನ್ನಾಗಿ ಬರುತ್ತವೆ. ಗಜ್ಜರಿ ಸಡಿಲವಾದ ಕೆಂಪು ಮಣ್ಣಿನಲ್ಲಿ ನೇರವಾಗಿ ಇಳಿಯುತ್ತದೆ, ಗಟ್ಟಿ ಕಪ್ಪು ಮಣ್ಣಿನಲ್ಲಿ ಅದು ಕವಲೊಡೆಯುತ್ತದೆ. ಗಜ್ಜರಿಯನ್ನು ಎಂದಿಗೂ ಸಸಿ ಮಾಡಿ ಕಿತ್ತು ನೆಡಬಾರದು, ಬಿತ್ತಿದಲ್ಲಿಯೇ ಬೆಳೆಯಬೇಕು.

ಮಣ್ಣು ಪರೀಕ್ಷೆ ಮಾಡಿಸಬೇಕೆನ್ನುವವರು ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ತೋಟಗಾರಿಕೆ ಮಹಾವಿದ್ಯಾಲಯವೂ ನಮ್ಮ ಊರಿನಲ್ಲಿದೆ.

ಶಹಾಪುರದ ಶಿಕ್ಷಕಿ

ನಮಸ್ಕಾರ. ಯಾದಗಿರಿ ಜಿಲ್ಲೆಯವರು ಯಾರೂ ಬರೆದಿಲ್ಲವಾದ್ದರಿಂದ ಕೇಳುತ್ತೇನೆ. ನಮ್ಮದು ಮಾಳಿಗೆಯ ತೋಟ, ನೆಲಕ್ಕೆ ಫರಸಿ ಹಾಸಿದೆ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಅದರ ಮೇಲೆ ಬರಿಗಾಲಿಡಲು ಆಗುವುದಿಲ್ಲ. ದಿನಕ್ಕೆ ಎರಡು ಹೊತ್ತು ನೀರು ಹಾಕಿದರೂ ಗಿಡಗಳು ಬಾಡುತ್ತವೆ. ಕುಡಿಯುವ ನೀರಿನ ಆರ್‌ಒ ಯಂತ್ರದಿಂದ ವ್ಯರ್ಥವಾಗಿ ಹೋಗುವ ನೀರನ್ನು ಈ ಕುಂಡಗಳಿಗೆ ಹಾಕಬಹುದೇ ಎಂಬುದು ಇನ್ನೊಂದು ಪ್ರಶ್ನೆ. ನೀರು ಪೋಲಾಗುವುದನ್ನು ನೋಡಲು ಮನಸ್ಸು ಒಪ್ಪುವುದಿಲ್ಲ.

ನರ್ಸರಿಯವರು, ಕಲಬುರಗಿ

ಟೀಚರ್ ಅವರೇ, ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಇದು ಬಹಳ ಮನೆಗಳಲ್ಲಿ ನಡೆಯುತ್ತಿದೆ. ಆರ್‌ಒ ಯಂತ್ರ ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಆ ವ್ಯರ್ಥ ನೀರಿನಲ್ಲಿ ಕೂಡಿಕೊಂಡಿರುತ್ತದೆ. ಮೊದಲೇ ಗಡಸಾದ ನಮ್ಮ ನೀರು ಅಲ್ಲಿ ಇನ್ನಷ್ಟು ಗಡಸಾಗಿರುತ್ತದೆ. ಅದನ್ನು ದಿನವೂ ಕುಂಡಕ್ಕೆ ಹಾಕಿದರೆ ಬಿಸಿಲಿಗೆ ನೀರು ಆರಿ ಲವಣ ಉಳಿಯುತ್ತದೆ. ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟುವುದು, ಎಲೆಯ ತುದಿ ಸುಟ್ಟಂತಾಗುವುದು ಅದರ ಗುರುತು. ಆ ನೀರನ್ನು ಪಾತ್ರೆ ತೊಳೆಯಲು, ನೆಲ ಒರೆಸಲು ಬಳಸಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಉಪ್ಪು ಬೆರೆಯುವ ಮೊದಲು ಗಿಡಗಳಿಗೆ ಹಾಕಿ. ಈಗಾಗಲೇ ಬಿಳಿ ಪುಡಿ ಕಟ್ಟಿದ ಕುಂಡಗಳನ್ನು ಮೊದಲ ದೊಡ್ಡ ಮಳೆಗೆ ಬಯಲಿನಲ್ಲಿಟ್ಟು, ತಳದಿಂದ ನೀರು ಹರಿದುಹೋಗುವಷ್ಟು ನೆನೆಯಲು ಬಿಡಿ. ಲವಣ ತೊಳೆದುಹೋಗುತ್ತದೆ.

ಇನ್ನು ಬೇಸಿಗೆ. ಎರಡು ಹೊತ್ತು ನೀರು ಹಾಕಿದರೂ ಬಾಡುವುದಕ್ಕೆ ಕಾರಣ ನೀರಿನ ಕೊರತೆಯಲ್ಲ, ಬೇರಿನ ಬಿಸಿ. ಫರಸಿ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯವರೆಗೂ ಬಿಡುತ್ತಿರುತ್ತದೆ, ಅದರ ಮೇಲೆಯೇ ಕೂತ ಕುಂಡದ ಬೇರು ಬೆಂದಂತಾಗುತ್ತದೆ. ಪ್ರತಿ ಕುಂಡವನ್ನು ಎರಡು ಇಟ್ಟಿಗೆ ಅಥವಾ ಮರದ ಹಲಗೆಯ ಮೇಲೆ ಎತ್ತಿಡಿ, ಕೆಳಗೆ ಗಾಳಿಯಾಡಬೇಕು. ಕುಂಡಗಳನ್ನು ದೂರ ದೂರ ಇಡದೆ ಒಂದಕ್ಕೊಂದು ತಾಗುವಂತೆ ಗುಂಪಾಗಿಡಿ, ದೊಡ್ಡ ಗಿಡಗಳು ಪಶ್ಚಿಮಕ್ಕೂ ಸಣ್ಣವು ಅವುಗಳ ನೆರಳಿಗೂ ಬರಲಿ. ಮೇಲೆ 50 ಶೇಕಡಾ ನೆರಳು ಕೊಡುವ ಹಸಿರು ಬಲೆ ಕಟ್ಟಿ, ಆದರೆ ಬಲೆ ಗಿಡಗಳಿಂದ ಸಾಕಷ್ಟು ಎತ್ತರದಲ್ಲಿರಬೇಕು. ತೀರ ಕೆಳಗೆ ಕಟ್ಟಿದರೆ ಬಿಸಿಗಾಳಿ ಒಳಗೇ ನಿಲ್ಲುತ್ತದೆ. ಮಣ್ಣಿನ ಮೇಲೆ ಎರಡು ಮೂರು ಇಂಚು ತೊಗರಿ ಹೊಟ್ಟು ಅಥವಾ ಕತ್ತರಿಸಿದ ಜೋಳದ ಕಣಿಕೆ ಹೊದಿಸಿ, ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿ. ನೀರನ್ನು ಬೆಳಿಗ್ಗೆ ಏಳರೊಳಗೆ ಹಾಕಿ. ಮಾಳಿಗೆಯ ಕಪ್ಪು ಟ್ಯಾಂಕ್ ಮತ್ತು ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನ ಸುಡುವಷ್ಟು ಕಾದಿರುತ್ತದೆ, ಅದನ್ನು ನೇರವಾಗಿ ಬುಡಕ್ಕೆ ಬಿಡಬಾರದು.

ಕರಿಬೇವು, ಮಲ್ಲಿಗೆ, ಕಣಗಿಲೆ, ಬೋಗನ್‌ವಿಲ್ಲಾ, ಲೋಳೆಸರ ಇವು ನಮ್ಮ ಬೇಸಿಗೆಯನ್ನು ತಾಳುತ್ತವೆ, ಮಲ್ಲಿಗೆಯಂತೂ ಆಗಲೇ ಹೂವು ಕೊಡುತ್ತದೆ. ಕಣಗಿಲೆಯ ಎಲ್ಲ ಭಾಗವೂ ವಿಷ, ಸಣ್ಣ ಮಕ್ಕಳು ಮತ್ತು ದನಗಳಿರುವ ಮನೆಯಲ್ಲಿ ಅದನ್ನು ಹಚ್ಚಬೇಡಿ.

ಜೇವರ್ಗಿ ರಸ್ತೆ ನಿವಾಸಿ

ಮಾಳಿಗೆಯ ತೂಕದ ಬಗ್ಗೆ ಮೇಲೆ ಒಂದು ಮಾತು ಬಂದಿದ್ದರಿಂದ ಸೇರಿಸುತ್ತೇನೆ. ಕಟ್ಟಡದ ಕೆಲಸದಲ್ಲಿರುವವನು ನಾನು. 20 ಲೀಟರಿನ ಒಂದು ಕುಂಡದಲ್ಲಿ ನೆನೆದ ಮಣ್ಣಿದ್ದರೆ ಅದರ ತೂಕ 30 ಕಿಲೋಗ್ರಾಂ ದಾಟುತ್ತದೆ. ಕುಂಡಗಳನ್ನು ಮಾಳಿಗೆಯ ನಡುಭಾಗದಲ್ಲಿ ಒಟ್ಟುಗೂಡಿಸದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಸಾಲಾಗಿ ಇಡುವುದು ಕ್ಷೇಮ. ಹಳೆಯ ಕಲ್ಲು ಚಪ್ಪಡಿಯ ಮಾಳಿಗೆಗಳ ಮೇಲೆ ದೊಡ್ಡ ತೊಟ್ಟಿಗಳನ್ನು ಕಟ್ಟುವ ಮೊದಲು ತಿಳಿದವರಿಗೆ ತೋರಿಸಲೇಬೇಕು. ಮಳೆನೀರಿನ ಕೊಳವೆಯ ಬಾಯಿಗೆ ಎಲೆ ಕಟ್ಟಿಕೊಂಡು ನೀರು ನಿಂತರೆ ಆ ತೂಕವೂ ಸೇರುತ್ತದೆ. ಮಿರಗ ಕೂಡುವ ಮೊದಲು ಎಲ್ಲ ಕೊಳವೆಗಳನ್ನು ಸ್ವಚ್ಛ ಮಾಡಿಕೊಳ್ಳಿ.

ಸುರಪುರ ಓದುಗ

ಶಹಾಪುರದ ಅಕ್ಕನವರ ಪ್ರಶ್ನೆಗೆ ಪೂರಕವಾಗಿ: ನಾರಾಯಣಪುರದ ಬಸವಸಾಗರದ ಕಾಲುವೆ ನೀರು ಬರುವ ನಮ್ಮ ಕಡೆ ಭತ್ತದ ಗದ್ದೆಗಳ ಪಕ್ಕದ ಮನೆಗಳ ಹಿತ್ತಲಿನಲ್ಲಿ ಮಣ್ಣು ಸದಾ ತೇವವಾಗಿರುತ್ತದೆ, ಕೆಲವು ಕಡೆ ಸವಳು ಮೇಲೆ ಬಂದಿದೆ. ಅಂಥಲ್ಲಿ ಗುಂಡಿ ತೆಗೆದು ನೆಡುವ ಬದಲು ಒಂದು ಅಡಿ ಎತ್ತರದ ಮಡಿ ಮಾಡಿ ಅದರ ಮೇಲೆ ನೆಟ್ಟರೆ ಗಿಡ ಉಳಿಯುತ್ತದೆ. ನುಗ್ಗೆಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದು ಖಂಡಿತ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ನುಗ್ಗೆ ಹಚ್ಚುವವರು ಜಾಗ ಆರಿಸುವಾಗ ಇದನ್ನು ನೋಡಿಕೊಳ್ಳಬೇಕು. ನಮ್ಮ ತಾಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸವಳಿನ ವಿಷಯ ಕೇಳಬಹುದು.

ಹುಮನಾಬಾದ್ ಹೊಸಬರು

ಬೆಂಡೆ ಗಿಡದ ಎಲೆಯ ನರಗಳೆಲ್ಲ ಹಳದಿ ಬಲೆಯಂತಾಗುತ್ತವೆ, ಮೆಣಸಿನ ಗಿಡ ಮುಟುರುತ್ತದೆ. ಅಂಗಡಿಯಲ್ಲಿ ಕೊಡುವ ಕೀಟನಾಶಕವನ್ನು ಮನೆಯಲ್ಲಿ ಹೊಡೆಯಲು ಮನಸ್ಸಿಲ್ಲ. ಬೇರೆ ದಾರಿ ಇದೆಯೇ?

ನರ್ಸರಿಯವರು, ಕಲಬುರಗಿ

ಬೆಂಡೆಯದು ಹಳದಿ ನಂಜು ರೋಗ, ಬಿಳಿನೊಣ ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ಬಂದ ಗಿಡಕ್ಕೆ ಔಷಧವಿಲ್ಲ, ಕಂಡ ದಿನವೇ ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಹಾಕಬೇಕು, ಪಕ್ಕದಲ್ಲಿ ಬೀಳಲು ಬಿಡಬಾರದು. ಮುಂದಿನ ಸಲ ಬೀಜ ಕೊಳ್ಳುವಾಗ ರೋಗ ತಾಳುವ ತಳಿ ಕೇಳಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ಇದಕ್ಕಾಗಿಯೇ ಹೆಸರಾದ ತಳಿ. ಮೆಣಸಿನಕಾಯಿಯ ಎಲೆ ಮೇಲಕ್ಕೆ ದೋಣಿಯಂತೆ ಮುದುರಿದ್ದರೆ ಅದು ಥ್ರಿಪ್ಸ್, ಕೆಳಕ್ಕೆ ಮುದುರಿದ್ದರೆ ನುಸಿ. ಎರಡಕ್ಕೂ ಮೊದಲ ಕೆಲಸ ಎಲೆಯ ಕೆಳಬದಿಗೆ ಜೋರಾಗಿ ನೀರು ಸಿಡಿಸುವುದು.

ಬೇವು ನಮ್ಮ ಬೀದಿಗಳಲ್ಲಿಯೇ ಇದೆ. ಜೂನ್, ಜುಲೈನಲ್ಲಿ ಉದುರುವ ಬೇವಿನ ಹಣ್ಣುಗಳನ್ನು ಆರಿಸಿ, ತಿರುಳು ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿಟ್ಟರೆ ವರ್ಷಕ್ಕಾಗುತ್ತದೆ. ಬೀಜದ ಒಳಗಿನ ಕಾಳು 50 ಗ್ರಾಂ ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಬೆರೆಸಿ ಅದೇ ದಿನ ಸಂಜೆ ಸಿಂಪಡಿಸಬೇಕು. ಬಿಸಿಲಿನಲ್ಲಿ ಸಿಂಪಡಿಸಿದರೆ ಅದರ ಸತ್ವ ಬೇಗ ಹೋಗುತ್ತದೆ. ಕಾಳು ಸಿಗದವರು ಬೇವಿನ ಎಣ್ಣೆಯನ್ನು ಲೀಟರಿಗೆ 5 ಮಿಲಿಲೀಟರಿನಂತೆ ಸೋಪಿನೊಂದಿಗೆ ಬಳಸಬಹುದು. ವಾರಕ್ಕೊಮ್ಮೆ ಮಾಡಬೇಕು; ಒಂದೇ ಸಲ ಹೊಡೆದು ಫಲ ಕಾಣಲಿಲ್ಲವೆನ್ನುವುದು ಬೇವಿಗೆ ಮಾಡುವ ಅನ್ಯಾಯ.

ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆಗಳನ್ನು ತೆಗೆದಿಡಿ. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲಿ ಒಂದು ವಾರದಲ್ಲಿ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರುತ್ತದೆ. ಮಳೆನೀರಿನ ಡ್ರಮ್‌ಗೂ ತೆಳು ಬಟ್ಟೆ ಕಟ್ಟಿರಬೇಕು.

ಸೇಡಂ ಗೃಹಿಣಿ

ಅಣ್ಣನವರೇ, ಹೂವಿನ ಬಗ್ಗೆಯೂ ತಿಂಗಳು ಹೇಳಿಬಿಡಿ. ಪ್ರತಿ ವರ್ಷ ಚೆಂಡುಹೂವು ದೀಪಾವಳಿ ಕಳೆದ ಮೇಲೆ ಅರಳುತ್ತದೆ. ಗುಲಾಬಿ, ಸೇವಂತಿಗೆ, ಮಲ್ಲಿಗೆಗೆ ಕತ್ತರಿ ಹಾಕುವುದು ಯಾವಾಗ?

ನರ್ಸರಿಯವರು, ಕಲಬುರಗಿ

ಚೆಂಡುಹೂವು ಬಿತ್ತಿದಂದಿನಿಂದ 60–70 ದಿನಕ್ಕೆ ಅರಳುವುದರಿಂದ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಬೇಕು. ದಸರೆಗೆ ಬೇಕಾದರೆ ಜುಲೈ ಮಧ್ಯದಲ್ಲಿ, ದೀಪಾವಳಿಗೆ ಬೇಕಾದರೆ ಆಗಸ್ಟ್ ಮೊದಲ ಪಕ್ಷದಲ್ಲಿ ಬಿತ್ತಿ. ಪಂಚಾಂಗದಲ್ಲಿ ಹಬ್ಬ ಹಿಂದೆ ಮುಂದೆ ಆದಷ್ಟು ದಿನ ನೀವೂ ಸರಿಸಿಕೊಳ್ಳಿ. ತಿಂಗಳಿನ ಸಸಿಯ ತುದಿ ಚಿವುಟಿದರೆ ಕವಲು ಹೆಚ್ಚುತ್ತವೆ, ಹೂವು ಮಾತ್ರ ಕೆಲವು ದಿನ ತಡವಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸೇವಂತಿಗೆಯ ಮರಿಗಳನ್ನು ಜೂನ್, ಜುಲೈನಲ್ಲಿ ಬಿಡಿಸಿ ನೆಡಬೇಕು. ಹಗಲು ಕಿರಿದಾಗತೊಡಗಿದಾಗಲೇ ಅದು ಮೊಗ್ಗು ಹಿಡಿಯುವುದರಿಂದ ರಾತ್ರಿ ದೀಪದ ಬೆಳಕು ಬೀಳುವ ಜಾಗದಲ್ಲಿ ಅದನ್ನು ಇಡಬೇಡಿ. ಗುಲಾಬಿಯನ್ನು ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಸವರಿ, ಸುಮಾರು ಒಂದೂವರೆ ತಿಂಗಳಿಗೆ ಹೂವು ಬರುತ್ತದೆ. ದುಂಡು ಮಲ್ಲಿಗೆಗೆ ನವೆಂಬರ್ ಕೊನೆಯಲ್ಲಿ ನೀರು ಕಡಿಮೆ ಮಾಡಿ, ಮೊಣಕಾಲೆತ್ತರಕ್ಕೆ ಸವರಿ, ಗೊಬ್ಬರ ಕೊಡಿ. ಮಾರ್ಚ್‌ನಿಂದ ಹೂವು ಆರಂಭವಾಗುತ್ತದೆ.

ಬೀದರ್ ಮಾಳಿಗೆ ತೋಟ

ಇಷ್ಟೆಲ್ಲ ಬಂದ ಮೇಲೆ ಎಳ್ಳ ಅಮಾವಾಸ್ಯೆಗೆ ಹಲವು ಸೊಪ್ಪು, ಹಸಿ ಕಾಳು, ತರಕಾರಿ ಬೆರೆಸಿ ಮಾಡುವ ಭಜ್ಜಿಯನ್ನು ಬಿಡಬಾರದು. ಹೊಲವಿಲ್ಲದ ಮನೆಯವರು ಅಂದು ಪೇಟೆಯಿಂದ ಸೊಪ್ಪು ತರುತ್ತಾರೆ. ಬಿತ್ತನೆಯ ದಿನಗಳನ್ನು ಹೊಂದಿಸಿಕೊಂಡರೆ ಅದರಲ್ಲಿ ಎಷ್ಟು ಭಾಗ ಮಾಳಿಗೆಯಲ್ಲಿಯೇ ಸಿಗಬಹುದು ಎಂಬುದನ್ನು ದಯವಿಟ್ಟು ಬರೆಯಿರಿ.

ನರ್ಸರಿಯವರು, ಕಲಬುರಗಿ

ಬಹಳ ಒಳ್ಳೆಯ ಪ್ರಶ್ನೆ. ಹಬ್ಬ ಡಿಸೆಂಬರ್ ಕೊನೆಗೋ ಜನವರಿಗೋ ಬರುತ್ತದೆ ಎಂದುಕೊಂಡು ಹೇಳುತ್ತೇನೆ. ಹಸಿ ತೊಗರಿಕಾಯಿ ಅಂದು ಬೇಕೆಂದರೆ ತೊಗರಿ ಕಾಳನ್ನು ಮಿರಗ ಅಥವಾ ಆರಿದ್ರಾದಲ್ಲಿಯೇ ದೊಡ್ಡ ಡ್ರಮ್ ಅಥವಾ ಹಿತ್ತಲಿನ ಬದುವಿನಲ್ಲಿ ಊರಬೇಕು. ಅದು ಆಳಕ್ಕೆ ಬೇರಿಳಿಸುವ ಗಿಡ, ಸಣ್ಣ ಕುಂಡ ಸಾಲದು. ಚಪ್ಪರದ ಅವರೆಯೂ ಅದೇ ಹೊತ್ತಿಗೆ. ಬದನೆಯ ಸಸಿಯನ್ನು ಆಗಸ್ಟ್‌ನಲ್ಲಿ ನೆಟ್ಟರೆ ಹಬ್ಬದ ಹೊತ್ತಿಗೆ ಗಿಡ ತುಂಬು ಫಲದಲ್ಲಿರುತ್ತದೆ. ಹಸಿ ಕಡಲೆ ಮತ್ತು ಕಡಲೆ ಸೊಪ್ಪಿಗೆ ಹಸ್ತ ಮಳೆಯ ತೇವದಲ್ಲಿ ಬಿತ್ತಿ, ಹೂವು ಬರುವ ಮೊದಲು ಕುಡಿ ಚಿವುಟಿ ಸೊಪ್ಪಿಗೆ ಬಳಸಿ. ಚಿವುಟಿದಷ್ಟೂ ಅದು ಕವಲೊಡೆದು ಕಾಯಿ ಹೆಚ್ಚು ಹಿಡಿಯುತ್ತದೆ. ಗಜ್ಜರಿಯನ್ನು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದೊಳಗೆ, ಹಸಿ ಉಳ್ಳಾಗಡ್ಡಿಯನ್ನು ಅಕ್ಟೋಬರ್‌ನಲ್ಲಿ ಹಾಕಿ. ಪುಂಡಿ ಜೂನ್‌ನಲ್ಲಿ ಬಿತ್ತಿದ್ದಾದರೆ ಚಳಿಗಾಲದ ಹೊತ್ತಿಗೆ ಹೂವಾಗಿ ನಾರು ಕಟ್ಟಿರುತ್ತದೆ, ಆದ್ದರಿಂದ ಅಕ್ಟೋಬರ್ ಕೊನೆಯಲ್ಲಿ ಇನ್ನೊಂದು ಸಲ ಒತ್ತಾಗಿ ಬಿತ್ತಿ, ಎಳೆಯದಿದ್ದಾಗಲೇ ಕೊಯ್ಯಬೇಕು.

ಮೆಂತ್ಯ, ಕೊತ್ತಂಬರಿ, ಪಾಲಕ್ ಇವಕ್ಕೆ ಅವಸರವಿಲ್ಲ. ಚಳಿಯಲ್ಲಿ ಬೆಳವಣಿಗೆ ನಿಧಾನವಾಗುವುದರಿಂದ ಮೆಂತ್ಯವನ್ನು ಹಬ್ಬಕ್ಕೆ ಐದು ವಾರ ಮೊದಲು, ಕೊತ್ತಂಬರಿ ಮತ್ತು ಪಾಲಕನ್ನು ಏಳು ವಾರ ಮೊದಲು ಬಿತ್ತಿ. ಕೊತ್ತಂಬರಿ ಬೀಜವನ್ನು ಕೈಯಿಂದ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಹಾಕಿದರೆ ಹತ್ತು ದಿನದೊಳಗೆ ಮೊಳಕೆ ಕಾಣುತ್ತದೆ. ಹುಣಸೆ ಹುಳಿ ಮತ್ತು ಕಡಲೆ ಹಿಟ್ಟನ್ನು ಮಾತ್ರ ಪೇಟೆಯಿಂದಲೇ ತರಬೇಕು.

ಈ ವಾರ ಮಾಡಬೇಕಾದದ್ದು ಇಷ್ಟೇ: ಹಳೆಯ ಕುಂಡಗಳ ಮಣ್ಣನ್ನು ಹೊರಗೆ ಸುರಿದು, ಹಾಳೆಯ ಮೇಲೆ ತೆಳ್ಳಗೆ ಹರಡಿ, ಇನ್ನೂ ಉಳಿದಿರುವ ಈ ಬಿಸಿಲಿಗೆ ಚೆನ್ನಾಗಿ ಕಾಯಲು ಬಿಡಿ, ಅದರಲ್ಲಿನ ಹುಳುವಿನ ಮೊಟ್ಟೆ, ಕಳೆಯ ಬೀಜ ಬಹಳಷ್ಟು ಕಡಿಮೆಯಾಗುತ್ತವೆ. ಆಮೇಲೆ ಗೊಬ್ಬರ ಮತ್ತು ಬೇವಿನ ಹಿಂಡಿ ಬೆರೆಸಿ ಮತ್ತೆ ತುಂಬಿಸಿಡಿ. ಒಂದು ಹದವಾದ ಮಳೆ ಬಿದ್ದು, ಕುಂಡದ ಮಣ್ಣು ಬೆರಳುದ್ದ ನೆನೆದ ಮೇಲೆಯೇ ಬೀಜಕ್ಕೆ ಕೈಹಾಕಿ. ತೊಗರಿ ಕಾಳು ಬೇಕಾದವರು ಅಂಗಡಿಯ ಬೇಳೆಯನ್ನಲ್ಲ, ರೈತರ ಮನೆಯ ಇಡೀ ಕಾಳನ್ನು ಕೇಳಿ ತಂದಿಟ್ಟುಕೊಳ್ಳಿ.